ಎಮ್ಮೆ ಕೆಡಿಸಿದವರು

"ಅಲ್ಲಾಡ್ಬ್ಯಾಡ ಕಣ್ಲಾ, ನೆರಿಗೆ ಕೆಡ್ತದೆ," ಎಂದು ಮಲ್ಲಾಜಮ್ಮ ಮಗನ ಹೊಟ್ಟೆಗೊಂದು ಗುದ್ದು ಕೊಟ್ಟು, ಬೆರಳುಗಳ ನಡುವೆ ಹಿಡಿದಿದ್ದ ನೆರಿಗೆಯನ್ನೆಲ್ಲ ಒಂದೇ ಸಲಕ್ಕೆ ಅವನ ಸೊಂಟಕ್ಕೆ ತುರುಕಿದಳು.

ಬಸವರಾಜು ಉಸಿರು ಒಳಗೆಳೆದುಕೊಂಡು ನಿಂತ. ಖಾಕಿ ಚಡ್ಡಿ, ಅರ್ಧ ತೋಳಿನ ಅಂಗಿ, ಅವೆರಡರ ಮೇಲೆ ಕೆಂಪಂಚಿನ ಹಸಿರು ಸೀರೆ. ಸೀರೆಗೆ ಸಗಣಿ, ಹೊಗೆ, ಹರಳೆಣ್ಣೆ ಮೂರೂ ಸೇರಿದ ವಾಸನೆ ಇತ್ತು.

"ಬಿಗಿ ಆಯ್ತು ಕಣವ್ವ."

"ಬಿಗಿಯಾಗೇ ಇರ್ಬೇಕು. ದಾರೀಲಿ ಬಿಚ್ಕಂಡ್ರೆ ಮತ್ತೆ ಉಟ್ಕಳಕ್ಕೆ ಬತ್ತದಾ ನಿಂಗೆ?"

"ಬಳೆ ಬ್ಯಾರೆ ಯಾಕೆ?"

"ಸದ್ದು ಕೇಳ್ಲಿ ಅಂತ."

"ಯಾರ್ಗೆ?"

"ಯಾರ್ಗೆ ಅಂತ ಕೇಳ್ತಾನೆ. ಅಲ್ಲಿ ನಿಂತವ್ಳಲ್ಲ ಮಾರಾಣಿ, ಅವ್ಳಿಗೆ."

ಕೊಟ್ಟಿಗೆಯ ಬಾಗಿಲಲ್ಲಿ ಬೆಳ್ಳಿ ನಿಂತಿತ್ತು. ಇದ್ದಿಲಿಗಿಂತ ಕಪ್ಪಾದ ಎಮ್ಮೆಗೆ ಬೆಳ್ಳಿ ಎಂದು ಹೆಸರಿಟ್ಟದ್ದು ಬಸವರಾಜುವಿನ ಹೆಂಡತಿ ಮಂಗಳಮ್ಮ. ಎಮ್ಮೆ ಮುಂದೆ ಬಂದು ಸೆರಗನ್ನು ಮೂಸಿತು, ಮೀಸೆಯನ್ನು ನೋಡಿತು, ಮತ್ತೆ ಸೆರಗನ್ನು ಮೂಸಿತು. ಮೀಸೆಯ ವಿಷಯವನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದೆಂದು ತೀರ್ಮಾನಿಸಿದಂತೆ ಒಂದು ದೊಡ್ಡ ಉಸಿರು ಬಿಟ್ಟಿತು. ಅವನು ಹೆಜ್ಜೆ ಹಾಕಿದ. ಬಳೆ ಸದ್ದಾಯಿತು. ಎಮ್ಮೆ ಹಿಂದೆ ಹೊರಟಿತು.

"ಹಂಪಾಪುರ ಮುಟ್ಟೋಗಂಟ ಸೀರೆ ಒಗೀಬ್ಯಾಡ. ಒಗುದ್ರೆ ವಾಸ್ನೆ ಕೆಟ್ಟೋಯ್ತದೆ," ಎಂದು ಮಲ್ಲಾಜಮ್ಮ ಹಿಂದಿನಿಂದ ಹೇಳಿದಳು. "ಬಾಯಿ ಮಾತ್ರ ತೆಗೀಬ್ಯಾಡ. ತೆಗುದ್ರೆ ಸಂಸಾರ ಕೆಟ್ಟೋಯ್ತದೆ."

ಸಂಸಾರ ಕೆಟ್ಟು ಆಗಲೇ ಹದಿನೈದು ದಿನವಾಗಿತ್ತು.

ಬಸವರಾಜು ಪಂಪ್‌ಸೆಟ್ ರಿಪೇರಿಯವನು. ಮನೆ ವೀರನಹೊಸಹಳ್ಳಿಯಲ್ಲಿ, ಅಂಗಡಿ ಹುಣಸೂರಿನಲ್ಲಿ. ಸುತ್ತಿನ ಊರುಗಳಿಗೆ ಕರೆಂಟು ಬಂದು ಎರಡು ಮೂರು ವರ್ಷವಾಗಿತ್ತಷ್ಟೆ. ಕರೆಂಟಿನ ಹಿಂದೆ ಮೋಟಾರುಗಳು ಬಂದವು, ಮೋಟಾರುಗಳ ಹಿಂದೆ ಅವು ಕೆಡುವುದೂ ಬಂತು. ರೈತರು ಬಾವಿಯ ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಅವನ ಮುಖವನ್ನೇ ನೋಡುತ್ತಿದ್ದರು. ಅವನು ಮೋಟಾರಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಎಲ್ಲರನ್ನೂ ಸಾಕಷ್ಟು ಕಾಯಿಸಿ, "ಕೆಟ್ಟೋಗೈತೆ" ಎನ್ನುತ್ತಿದ್ದ. ಕೆಟ್ಟಿದೆ ಎಂದು ಗೊತ್ತಿದ್ದೇ ಅವನನ್ನು ಕರೆಸಿಕೊಂಡಿದ್ದ ರೈತರು ಅದೊಂದು ಹೊಸ ಸಮಾಚಾರವೆಂಬಂತೆ ತಲೆದೂಗುತ್ತಿದ್ದರು.

ಈ ಮರ್ಯಾದೆ ಅವನಿಗೆ ಬಹಳ ಹಿಡಿಸಿತು. ಅದನ್ನು ಮನೆಗೂ ತಂದ.

ಮೊಸರು ಕೆಟ್ಟಿತ್ತು. ಸಾರು ಕೆಟ್ಟಿತ್ತು. ಗೋಡೆ ಗಡಿಯಾರ, ಪಕ್ಕದ ಮನೆ ಹುಡುಗನ ನಡತೆ, ಈ ಸಲದ ಹವಾ, ಊರ ಯಜಮಾನರ ಬುದ್ಧಿ, ತನ್ನ ಹೊಟ್ಟೆ, ನಿನ್ನೆಯ ನಿದ್ದೆ, ಒಟ್ಟಿನಲ್ಲಿ ಕಾಲವೇ ಕೆಟ್ಟಿತ್ತು. ಎಲ್ಲಕ್ಕೂ ಮಾತು ಒಂದೇ, ಆದರೆ ಹೇಳುವ ರೀತಿ ಬೇರೆ. ಮೊಸರಿಗೆ ಹೇಳುವಾಗ ಮೂಗಿನಿಂದ ಹೇಳುತ್ತಿದ್ದ. ಹುಡುಗನಿಗೆ ಹೇಳುವಾಗ ಲೊಚಗುಟ್ಟುತ್ತಿದ್ದ. ಕಾಲಕ್ಕೆ ಹೇಳುವಾಗ ಸೂರಿನ ಹೆಂಚು ನೋಡುತ್ತಿದ್ದ. ಹೊಟ್ಟೆಗೆ ಹೇಳುವಾಗ ಚೊಂಬು ಹುಡುಕುತ್ತಿದ್ದ. ಮೋಟಾರಾದರೆ ಕೆಟ್ಟಿದೆ ಎಂದ ಮೇಲೆ ಬಿಚ್ಚಿ ಸರಿಮಾಡುತ್ತಿದ್ದ. ಮನೆಯಲ್ಲಿ ಬರೀ ಹೇಳುತ್ತಿದ್ದ.

ಮಂಗಳಮ್ಮ ಎರಡು ವರ್ಷ ಸಹಿಸಿಕೊಂಡಳು. ಅವಳಿಗೆ ಬೆಳ್ಳಿ ಇತ್ತು. ಬೆಳ್ಳಿ ಅವಳ ತವರಿನವರು ಮದುವೆಯಲ್ಲಿ ಬಳುವಳಿಯಾಗಿ ಕೊಟ್ಟ ಎಮ್ಮೆ. ಈಚೆಗೆ ಈದು, ಕರು ಉಳಿಯಲಿಲ್ಲ. ಆಮೇಲೆ ಮಂಗಳಮ್ಮ ಅದರ ಬೆನ್ನಿಗೆ ಹರಳೆಣ್ಣೆ ತಿಕ್ಕಿ, ಬೆಲ್ಲ ತಿನ್ನಿಸಿ, ಕಿವಿಯ ಹತ್ತಿರ ಏನೋ ಹಾಡಿ ಹಾಲು ಕರೆಯುತ್ತಿದ್ದಳು. ಒಂದು ಸಂಜೆ ಬಸವರಾಜು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ.

"ಎಮ್ಮೆ ಕೆಡಿಸ್ತಿದ್ದೀಯ," ಎಂದ.

ಅವಳು ಹಾಡು ನಿಲ್ಲಿಸದೆ ಕರೆಯುತ್ತಲೇ ಇದ್ದಳು.

"ನಿಮ್ಮಪ್ಪ ಮುದ್ದು ಮಾಡಿ ನಿನ್ನ ಕೆಡಿಸ್ದ. ನೀನು ಮುದ್ದು ಮಾಡಿ ಎಮ್ಮೆ ಕೆಡಿಸ್ತಿದ್ದೀಯ. ಇನ್ನು ಎಮ್ಮೆ ಯಾರ್ನ ಕೆಡಿಸ್ತದೋ."

ಮಂಗಳಮ್ಮ ಹಾಲಿನ ಚೊಂಬನ್ನು ಅವನ ಕೈಗೆ ಕೊಟ್ಟಳು. "ನಿಮ್ಮನೇಲಿ ಕೆಡ್ದೆ ಇರೋದು ನೀವೊಬ್ರೆಯ. ನಾನು ಮುಟ್ಟಿ ನೀವೂ ಕೆಟ್ಟೋಗೋದ್ ಬ್ಯಾಡ," ಎಂದಳು. ಬೆಳಿಗ್ಗೆ ಮೊದಲ ಬಸ್ಸಿಗೆ ಹಂಪಾಪುರದ ತವರಿಗೆ ಹೋದಳು. ಒಳ್ಳೆಯ ಸೀರೆ ಉಟ್ಟು ಹೋದದ್ದರಿಂದ ಕೊಟ್ಟಿಗೆ ಕೆಲಸದ ಹಸಿರು ಸೀರೆ ಹಗ್ಗದ ಮೇಲೆಯೇ ಉಳಿಯಿತು.

ಆ ದಿನ ಹಾಲು ಕರೆಯಲು ಮಲ್ಲಾಜಮ್ಮ ಕೂತಳು. ಬೆಳ್ಳಿ ಚೊಂಬನ್ನು ಒದ್ದು ಗೋಡೆ ಮುಟ್ಟಿಸಿತು. ಬಸವರಾಜು ಬಂದ. ಅಭ್ಯಾಸಬಲದಿಂದ ಎಮ್ಮೆಯ ಹೊಟ್ಟೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ಹುಲ್ಲಿನ ಮೆದೆಯ ಹತ್ತಿರ ಅಂಗಾತ ಬಿದ್ದಿದ್ದ.

ಸೀರೆಯ ಉಪಾಯ ಹೊಳೆದದ್ದು ಮಲ್ಲಾಜಮ್ಮನಿಗೆ.

"ನೀನೇ ಉಟ್ಕೊ ಅವ್ವ."

"ಸೊಸೆ ಉಟ್ಟುಬುಟ್ಟ ಸೀರೆ ಅತ್ತೆ ಉಡ್ತಾಳಾ? ನಾಕು ಜನ ಏನಂದಾರು?"

"ನಾನುಟ್ರೆ ಏನೂ ಅನ್ನಕಿಲ್ವಾ?"

"ನಿಂಗೆ ಅನ್ನಕ್ಕೆ ಇನ್ನೇನ್ ಉಳ್ದೈತೆ?"

ಸೀರೆ ಉಟ್ಟು ಕೂತ. ಎಮ್ಮೆ ನಿಂತಿತು, ಆದರೆ ಹಾಲಿಳಿಸಲಿಲ್ಲ. ಹಾಡಬೇಕೆಂದು ಅವನಿಗೆ ಗೊತ್ತಾಯಿತು. ಎರಡು ವರ್ಷದಲ್ಲಿ ಹೆಂಡತಿ ಹಾಡುವುದನ್ನು ದಿನಕ್ಕೆರಡು ಸಲ ಕೇಳಿದ್ದ, ಒಂದು ಸಾಲೂ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದನ್ನು ರಾಗವಾಗಿ ಎಳೆದ.

"ಬುಶ್ಶೂ, ಬೇರಿಂಗೂ, ಫುಟ್‌ವಾಲ್ವೂ. ಫ್ಯೂಜೂ, ಸ್ಟಾರ್ಟರೂ, ಕಾಪರ್ ವೈರೂ."

ಬೆಳ್ಳಿ ಕಿವಿ ಅಲ್ಲಾಡಿಸಿತು. ಕಾಪರ್ ವೈರಿಗೆ ಬರುವಷ್ಟರಲ್ಲಿ ಹಾಲು ಇಳಿಯಿತು.

ಅಂದಿನಿಂದ ಹೊತ್ತುಹೊತ್ತಿಗೂ ಅದೇ ಸೀರೆ, ಅದೇ ಹಾಡು. ಬೆಲ್ಲವನ್ನೂ ಕೊಡಬೇಕಾಯಿತು. ಬೆನ್ನಿಗೆ ಎಣ್ಣೆಯನ್ನೂ ತಿಕ್ಕಬೇಕಾಯಿತು. ತಾನು ಎಮ್ಮೆಯನ್ನು ಮುದ್ದು ಮಾಡುತ್ತಿದ್ದೇನೆ ಎಂದು ಅವನಿಗೆ ಅನ್ನಿಸಲಿಲ್ಲ. ಬೇರಿಂಗಿಗೆ ಗ್ರೀಸು ಹಾಕುವಂಥದೇ ಇದೂ ಎಂದುಕೊಂಡಿದ್ದ.

ಅಷ್ಟರಲ್ಲಿ ಹಂಪಾಪುರದಿಂದ ಬಸ್ಸಿನ ಕಂಡಕ್ಟರನ ಮೂಲಕ ಸುದ್ದಿ ಬಂತು. ಹುಣಸೂರಿನ ಅಂಗಡಿಯ ಮುಂದೆ ಬಸ್ಸು ನಿಧಾನ ಮಾಡಿಸಿ, ಮೆಟ್ಟಿಲ ಮೇಲೆ ನೇತಾಡುತ್ತಲೇ ಕಂಡಕ್ಟರ್ ಹೇಳಿದ. "ನಿಮ್ಮಾವ ಹೇಳವ್ರೆ ಕಣ್ರೀ. ಮಗಳು ಬಂದಾಯ್ತು, ಬಳುವಳಿ ಎಮ್ಮೇನೂ ಕಳ್ಸಿ ಅಂತ."

ಇದರ ಅರ್ಥ ಇಡೀ ಬಸ್ಸಿಗೆ ಆಯಿತು. ಹೆಣ್ಣು ತವರಿಗೆ ಹೋಗಿ ಕೂರುವುದು ಬೇರೆ, ಅವಳ ಬಳುವಳಿಯೂ ಹೋಗಿ ಕೂರುವುದು ಬೇರೆ. ಎಮ್ಮೆ ಹೋಯಿತೆಂದರೆ ಮಂಗಳಮ್ಮ ತಿರುಗಿ ಬರುವುದಕ್ಕೆ ಈ ಮನೆಯಲ್ಲಿ ಏನೂ ಉಳಿಯುವುದಿಲ್ಲ. ಕಳಿಸದಿದ್ದರೆ ಸೊಸೆಯ ಎಮ್ಮೆ ನುಂಗಿದವರು ಎಂದು ಮಲ್ಲಾಜಮ್ಮನ ಹೆಸರು ಕೆಡುತ್ತದೆ. ಬಸವರಾಜು ತಾನೇ ಹೊಡೆದುಕೊಂಡು ಹೋಗುವುದೆಂದು ನಿರ್ಧರಿಸಿದ. ಅಷ್ಟು ದೂರ ನಡೆದು ಬಂದ ಗಂಡನನ್ನು ನೋಡಿ ಅವಳ ಮನಸ್ಸು ಕರಗಬಹುದು, ಇಬ್ಬರನ್ನೂ ಕರೆದುಕೊಂಡು ಬರಬಹುದು. ಪಂಚೆ ಉಟ್ಟು ಹೊರಟಾಗ ಬೆಳ್ಳಿ ಊರ ಬಾಗಿಲಲ್ಲಿ ಕೂತುಬಿಟ್ಟಿತು. ಏಳು ಜನ ತಳ್ಳಿದರೂ ಏಳಲಿಲ್ಲ. ಆದ್ದರಿಂದ ಸೀರೆ.

ಊರು ದಾಟಿ ಕಾಡಂಚಿನ ಕೆರೆ ಬಂತು. ಬೆಳ್ಳಿ ಯಾರನ್ನೂ ಕೇಳದೆ ನೀರಿಗಿಳಿದು ಮೂಗು ಮಾತ್ರ ಹೊರಗಿಟ್ಟಿತು. ಏರಿಯ ಮೇಲೆ ಕಾಡೊಳಗಿನ ಹಾಡಿಯ ಜೋಗಯ್ಯ ಬಿದಿರು ಸೀಳುತ್ತಿದ್ದ. ಅವನ ಹೆಂಡತಿ ಮುತ್ತಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು. ಬಸವರಾಜು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬೇರೆ ಕಡೆ ನೋಡುತ್ತ ನಿಂತ.

"ಎಮ್ಮೆ ಯಾರ್ದು?" ಎಂದು ಜೋಗಯ್ಯ ಕೇಳಿದ.

"ನಮ್ಮನೆಯವ್ಳದು."

ಗಂಡು ದನಿ ಕೇಳಿ ಜೋಗಯ್ಯ ಕತ್ತಿ ಕೆಳಗಿಟ್ಟ. "ಸೀರೆ?"

"ಅದೂ ಅವ್ಳದೇ."

"ನೀನು?"

ಬಸವರಾಜು ಸ್ವಲ್ಪ ಯೋಚಿಸಿದ. "ನಾನೂ ಅವ್ಳೋನೇ."

ಮುತ್ತಿಗೆ ಎಲೆಯಡಿಕೆ ನೆತ್ತಿಗೆ ಹತ್ತಿತು. ಕೆಮ್ಮಿ, ನಕ್ಕು, ಕಣ್ಣೊರೆಸಿಕೊಂಡು, "ಅಂಗಾದ್ರೆ ಸೀರೆ ಎತ್ತಿ ಕಟ್ಕೊಳ್ಳಣ್ಣೋ. ಇಂಗೆ ನೆಲ ಗುಡಿಸ್ಕಂಡೋದ್ರೆ ನೀನು ಮುಟ್ಟೋದ್ರೊಳ್ಗೆ ಅವ್ಳು ಮುದುಕಿ ಆಗಿರ್ತಾಳೆ," ಎಂದಳು.

ಅವನು ಸೀರೆ ಎತ್ತಿ ಕಟ್ಟಿಕೊಂಡ. ನಡಿಗೆ ನಿಜವಾಗಿಯೂ ಸಲೀಸಾಯಿತು.

ಆ ರಾತ್ರಿ ಒಂದು ಹಳ್ಳಿಯ ಮಠದ ಜಗುಲಿಯ ಮೇಲೆ ಮಲಗಿದ. ಹಾಲನ್ನು ಮಠಕ್ಕೇ ಕೊಟ್ಟ. ಮಠದ ಅಯ್ಯನವರಿಗೆ ಕಣ್ಣು ಮಂದ. "ಒಳ್ಳೇದಾಗ್ಲಿ ತಾಯಿ" ಎಂದು ಆಶೀರ್ವಾದ ಮಾಡಿದರು.

ಮರುದಿನ ಕೋಟೆ ರಸ್ತೆಯಲ್ಲಿ ಅದೇ ಹಂಪಾಪುರದ ಬಸ್ಸು ಬಾನೆಟ್ ಬಿಚ್ಚಿಕೊಂಡು ನಿಂತಿತ್ತು. ಪ್ಯಾಸೆಂಜರುಗಳು ಹುಣಸೆ ಮರಗಳ ಕೆಳಗೆ ಹಂಚಿಹೋಗಿದ್ದರು. ಬಸವರಾಜು ಮುಖ ಮುಚ್ಚಿಕೊಂಡು ದಾಟಿಹೋಗಬಹುದಿತ್ತು. ಆದರೆ ಡ್ರೈವರ್ ಸೆಲ್ಫ್ ಹೊಡೆದ. ಇಂಜಿನ್ ನಾಲ್ಕು ಸಲ ಕೊಕ್ಕರಿಸಿ ಸುಮ್ಮನಾಯಿತು. ಆ ಸದ್ದು ಬಸವರಾಜುವನ್ನು ಕೊರಳುಪಟ್ಟಿ ಹಿಡಿದು ಎಳೆಯಿತು. ಹೋಗಿ ಇಂಜಿನ್ನಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಎಲ್ಲರನ್ನೂ ಕಾಯಿಸಿದ.

"ಕೆಟ್ಟೋಗೈತೆ," ಎಂದ.

"ಅದು ನಮ್ಗೂ ಗೊತ್ತು ಕಣಕ್ಕ," ಎಂದ ಡ್ರೈವರ್.

ಇಷ್ಟು ವರ್ಷದಲ್ಲಿ ಯಾರೂ ಅವನಿಗೆ ಹಾಗೆ ಹೇಳಿರಲಿಲ್ಲ. ಬಸವರಾಜು ಒಂದು ಕ್ಷಣ ಪೆಚ್ಚಾದ. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ಕೈಹಾಕಿದ. ಡೀಸೆಲ್ ಪೈಪಿನೊಳಗೆ ಗಾಳಿ ಸೇರಿತ್ತು. ನಟ್ಟು ಸಡಿಲ ಮಾಡಿ, ಕೈಪಂಪು ಒತ್ತಿ, ಗಾಳಿ ಬಿಟ್ಟು ಬಿಗಿದ. ಬಳೆಗಳು ಝಲ್ ಝಲ್ ಎನ್ನುತ್ತಿದ್ದವು. ಅವು ನಿಂತರೆ ಬೆಳ್ಳಿ ರಸ್ತೆಯಲ್ಲೇ ಕೂತೀತೆಂದು ನಡುನಡುವೆ ಸುಮ್ಮನೆಯೂ ಅಲ್ಲಾಡಿಸಿದ.

ಮರದಡಿಯ ಒಬ್ಬ ಮುದುಕಿ, "ಕಾಲ ಕೆಟ್ಟೋಯ್ತು. ಹೆಂಗಸ್ರು ಬಸ್ ರಿಪೇರಿ ಮಾಡ್ತಾವ್ರೆ," ಎಂದಳು.

"ಮೀಸೆ ನೋಡಜ್ಜಿ," ಎಂದ ಪಕ್ಕದವನು.

ಮುದುಕಿ ನೋಡಿದಳು. "ನಾನೇಳಿದ್ಕಿಂತ ಜಾಸ್ತೀನೇ ಕೆಟ್ಟೈತೆ," ಎಂದಳು.

ಇಂಜಿನ್ ಸ್ಟಾರ್ಟಾಯಿತು. ಆಗ ಕಂಡಕ್ಟರ್ ಹತ್ತಿರ ಬಂದು ಸೆರಗಿನೊಳಗೆ ಬಗ್ಗಿ ನೋಡಿದ.

"ಬಸವರಾಜಣ್ಣ ಅಲ್ವ ನೀವು? ತಲೆಗಿಲೆ ಕೆಟ್ಟೈತಾ?"

"ಯಾರ್ಗೂ ಹೇಳ್ಬ್ಯಾಡ ಕಣಪ್ಪ."

"ಚೆ ಚೆ, ನಾನ್ಯಾಕೇಳ್ಲಿ. ನಂಗೇನ್ ಬ್ಯಾರೆ ಕೆಲ್ಸ ಇಲ್ವಾ," ಎಂದು ಕಂಡಕ್ಟರ್ ರೈಟ್ ಕೊಟ್ಟ. ಬಸ್ಸು ಬಸವರಾಜು ಸರಿಮಾಡಿದ ಇಂಜಿನ್ನಿನ ಬಲದಿಂದ ಅವನಿಗಿಂತ ಬಹಳ ಮುಂಚೆ ಹಂಪಾಪುರ ತಲುಪಿತು.

ಸಂಜೆ ಅವನು ಬೀದಿಗೆ ಕಾಲಿಟ್ಟಾಗ ಎರಡೂ ಕಡೆಯ ಜಗುಲಿಗಳು ತುಂಬಿದ್ದವು. ಯಾರೂ ನಗಲಿಲ್ಲ. ನಗುವುದನ್ನು ತಡೆದು ಕೂತ ಒಂದು ಇಡೀ ಬೀದಿಯ ನಡುವೆ ನಡೆಯುವುದು ಬಹಳ ಕಷ್ಟ. ಮಾವ ಗುರುಮಲ್ಲಪ್ಪ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಹೊಸ ಪಂಚೆ.

"ಬನ್ನಿ ಅಳಿಯಂದ್ರೆ," ಎಂದರು ತಗ್ಗಿದ ದನಿಯಲ್ಲಿ. "ಬೇಗ ಒಳಕ್ಕೆ ಬನ್ನಿ. ಮೊದ್ಲು ಇದುನ್ನ ಉಟ್ಕಂಬುಡಿ."

"ಎಮ್ಮೆ ಕಟ್ಟಿ ಬತ್ತೀನಿ ಮಾವ."

ಮಂಗಳಮ್ಮ ಒಳಗಿನಿಂದ ಬಂದಳು. ತಲೆಗೆ ಸ್ನಾನ ಮಾಡಿ, ಮಲ್ಲಿಗೆ ಮುಡಿದು, ಒಗೆದ ಹಳದಿ ಸೀರೆ ಉಟ್ಟಿದ್ದಳು. ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದಳು. ತುಟಿ ಕಚ್ಚಿಕೊಂಡು ಎಮ್ಮೆಯ ಕಡೆ ತಿರುಗಿದಳು.

"ಬೆಳ್ಳೀ. ಸೊರಗಿದ್ದೀಯಲ್ಲೇ ನನ್ ಕಂದ."

ಬೆಳ್ಳಿ ಸೊರಗಿರಲಿಲ್ಲ, ಬೆಲ್ಲ ತಿಂದು ದಪ್ಪಗಾಗಿತ್ತು. ಅದು ಮಂಗಳಮ್ಮನ ಕೈ ಮೂಸಿತು. ಸೋಪಿನ ವಾಸನೆ. ಸೆರಗು ಮೂಸಿತು. ಮಲ್ಲಿಗೆ. ಒಂದು ಸೀನು ಸೀನಿ, ತಿರುಗಿ ಬಂದು ಬಸವರಾಜುವಿನ ಸೆರಗಿನೊಳಗೆ ಮೂತಿ ತೂರಿಸಿ ನಿಂತಿತು.

ಮಂಗಳಮ್ಮನ ಮುಖ ಸಪ್ಪಗಾಯಿತು. "ದಾರಿ ನಡ್ದು ದಣಿದೈತೆ," ಎಂದು ಯಾರೂ ಕೇಳದಿದ್ದರೂ ಹೇಳಿದಳು. ಹಾಲು ಕರೆಯುವ ಹೊತ್ತಾಗಿತ್ತು. ಚೊಂಬು ತಂದು ಅಂಗಳದಲ್ಲೇ ಕೂತಳು. ತನ್ನ ಹಾಡು ಹಾಡಿದಳು. ಹಾಡು ಬಹಳ ಚೆನ್ನಾಗಿತ್ತು. ಇದನ್ನು ನಾನು ಯಾವತ್ತೂ ಕೇಳಿಸಿಕೊಳ್ಳಲೇ ಇಲ್ಲವಲ್ಲ ಎಂದು ಬಸವರಾಜು ಅಂದುಕೊಳ್ಳುವಷ್ಟರಲ್ಲಿ ಬೆಳ್ಳಿ ಕಾಲು ಝಾಡಿಸಿತು. ಚೊಂಬು ಉರುಳಿಕೊಂಡು ಹೋಗಿ ಗುರುಮಲ್ಲಪ್ಪನವರ ಕಾಲ ಬಳಿ ನಿಂತಿತು.

"ಬೆಲ್ಲ ಕೊಡಮ್ಮ," ಎಂದಿತು ಎಡಗಡೆಯ ಜಗುಲಿ.

"ಬೆನ್ನು ಸವರು," ಎಂದಿತು ಬಲಗಡೆಯದು.

ಎರಡನ್ನೂ ಮಾಡಿದಳು. ಮತ್ತೆ ಹಾಡಿದಳು. ಬೆಳ್ಳಿ ಬಾಲದಿಂದ ಅವಳ ಮಲ್ಲಿಗೆ ಕಿತ್ತುಹಾಕಿತು. ಮಂಗಳಮ್ಮ ಎದ್ದು ನಿಂತಳು. ಕಣ್ಣಲ್ಲಿ ನೀರಿತ್ತು.

"ಎಮ್ಮೆ ಕೆಟ್ಟೋಗೈತೆ," ಎಂದಳು.

ಬಸವರಾಜು ಬಾಯಿ ತೆರೆದು, ತಾಯಿ ಹೇಳಿದ್ದು ನೆನಪಾಗಿ ಮುಚ್ಚಿದ.

"ನೀವೇ ಕೆಡಿಸಿರೋದು. ಚಿನ್ನದಂಗಿತ್ತು ನನ್ನೆಮ್ಮೆ. ಹದಿನೈದು ದಿನಕ್ಕೆ ಕೆಡಿಸ್ಬುಟ್ರಿ. ಏನ್ ಮಾಡುದ್ರಿ ಅದುಕ್ಕೆ?"

"ಏನೂ ಇಲ್ಲ. ಎಣ್ಣೆ ತಿಕ್ಕ್ದೆ."

"ನೀವು ಎಣ್ಣೆ ತಿಕ್ಕುದ್ರಾ?"

"ಬೆಲ್ಲ ಕೊಟ್ಟೆ. ಒಂಚೂರು ಹಾಡ್ದೆ."

"ಏನಂತ?"

ಇದನ್ನು ಅವನು ಇಡೀ ಬೀದಿಯ ಮುಂದೆ ಹೇಳುವ ಹಾಗಿರಲಿಲ್ಲ. ಆದರೆ ಎಮ್ಮೆಯ ಕೆಚ್ಚಲು ಬಿಗಿದಿತ್ತು, ಹೊತ್ತು ಮೀರುತ್ತಿತ್ತು. ಚೊಂಬು ಎತ್ತಿಕೊಂಡು ಕೂತ. ಎಮ್ಮೆಯ ಕಿವಿಗೆ ಮಾತ್ರ ಕೇಳಿಸುವಂತೆ ಶುರುಮಾಡಿದ. ಬೆಳ್ಳಿ ಅಷ್ಟಕ್ಕೆ ಒಪ್ಪಲಿಲ್ಲ. ದನಿ ಏರಿಸಬೇಕಾಯಿತು.

"ಬುಶ್ಶೂ, ಬೇರಿಂಗೂ, ಫುಟ್‌ವಾಲ್ವೂ..."

ಬೀದಿ ಅಷ್ಟು ಹೊತ್ತು ತಡೆದಿದ್ದನ್ನೆಲ್ಲ ಒಮ್ಮೆಗೇ ಬಿಟ್ಟಿತು. ಮಂಗಳಮ್ಮನೂ ನಕ್ಕಳು, ನಕ್ಕದ್ದಕ್ಕೆ ಸಿಟ್ಟುಮಾಡಿಕೊಂಡಳು. ಚೊಂಬು ತುಂಬಿ ನೊರೆ ಕಟ್ಟಿತು.

"ಹಾಡು ಅಲ್ಲ, ಸೀರೆ ಕಾರಣ," ಎಂದಳು ಅವಳು. "ನಂದೇ ಸೀರೆ, ನಂದೇ ವಾಸ್ನೆ. ಅದ್ಕೇ ನಿಮ್ಮನ್ನ ನಾನು ಅನ್ಕಂಡೈತೆ ಪಾಪ. ಆ ಸೀರೆ ಕೊಡಿ ಇಲ್ಲಿ. ನಾನುಟ್ಕತೀನಿ, ಎಲ್ಲಾ ಸರಿಹೋಯ್ತದೆ."

ಗುರುಮಲ್ಲಪ್ಪನವರಿಗೆ ಇದಕ್ಕಿಂತ ಒಳ್ಳೆಯ ಮಾತು ಬೇಕಿರಲಿಲ್ಲ. ಪಂಚೆ ಹಿಡಿದುಕೊಂಡು ಅಂಗಳಕ್ಕೇ ಇಳಿದರು. "ಕೇಳುದ್ರಾ ಅಳಿಯಂದ್ರೆ? ಸೀರೆ ಅವ್ಳಿಗೆ ಕೊಟ್ಬುಡಿ, ನೀವು ಪಂಚೆ ಉಟ್ಕಳಿ. ಮೈಸೂರಿಂದ ತಂದಿದ್ದು, ಮಡಿಕೆ ಸೈತ ಬಿಚ್ಚಿಲ್ಲ. ಬಿಸಿನೀರು ಕಾದೈತೆ, ಹೋಳಿಗೆ ಮಾಡ್ಸಿದ್ದೀನಿ. ಉಂಡು ಮಲೀಕಳಿ, ಬೆಳಿಗ್ಗೆ ಬಸ್ಸಿಗೆ ಗಂಡಸಂಗೆ ಊರಿಗೋಗಿ. ಎಮ್ಮೆ ಇವ್ಳ ತಾವೇ ಇರ್ತದೆ. ಯಾರ್ ಮರ್ವಾದೇನೂ ಕೆಡಕಿಲ್ಲ."

ಬಸವರಾಜು ಪಂಚೆಯನ್ನು ನೋಡಿದ. ಬೆಳ್ಳಗೆ, ಜರಿ ಅಂಚಿನದು. ಎರಡು ದಿನದಿಂದ ಅವನ ತೊಡೆ ಉಜ್ಜಿ ಕೆಂಪಾಗಿತ್ತು. ಹೋಳಿಗೆಯ ವಾಸನೆ ಬಾಗಿಲವರೆಗೆ ಬಂದಿತ್ತು. ಅವನು ಒಂದು ಮೋಟಾರಿನ ಮುಂದೆ ನಿಂತಂತೆ ಇದನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡಿದ. ಸೀರೆ ಅವಳ ಮೈಮೇಲೆ ಹೋದರೆ ಎಮ್ಮೆ ಅವಳ ಹಿಂದೆ. ಎಮ್ಮೆ ಇಲ್ಲಿದ್ದರೆ ಅವಳೂ ಇಲ್ಲೇ. ತಾನು ಜರಿ ಪಂಚೆ ಉಟ್ಟು ಬಸ್ಸಿನಲ್ಲಿ ಒಬ್ಬನೇ. ಸೀರೆ ತನ್ನ ಮೈಮೇಲೆಯೇ ಇದ್ದರೆ, ಬೆಳಿಗ್ಗೆ ತಾನು ಹೊರಟಾಗ ಎಮ್ಮೆ ತನ್ನ ಹಿಂದೆ ಹೊರಡುತ್ತದೆ. ಎಮ್ಮೆ ಹೊರಟರೆ ಅದರ ಹಿಂದೆ ಬೈದುಕೊಂಡಾದರೂ ಇನ್ನೊಬ್ಬರು ಹೊರಡಬೇಕಾಗುತ್ತದೆ. ಇಷ್ಟು ನೆಟ್ಟಗಿರುವ ಸಂಗತಿಯೊಂದನ್ನು ಅವನು ಬಹಳ ದಿನದಿಂದ ಕಂಡಿರಲಿಲ್ಲ.

ಸೆರಗನ್ನು ಹೆಗಲ ಮೇಲೆ ಇನ್ನೊಂದು ಸುತ್ತು ಎಳೆದು ಸೊಂಟಕ್ಕೆ ಬಿಗಿದುಕೊಂಡ.

"ಬಿಚ್ಚಿ ಅಂತೀನಿ," ಎಂದಳು ಮಂಗಳಮ್ಮ, ಕೈ ಚಾಚಿ.

"ಉಟ್ಕಳಿ ಅಂತೀನಿ," ಎಂದರು ಗುರುಮಲ್ಲಪ್ಪ, ಪಂಚೆ ಚಾಚಿ.

"ಬಿಚ್ಚಕಿಲ್ಲ," ಎಂದ ಬಸವರಾಜು.